ಬಲ ಮೂಲೆಯ ಹೆಸರು

ಬಣ್ಣಕ್ಕೆ ಬೆರೆಸುವ ಟರ್ಪಂಟೈನ್ ವಾಸನೆ ಬಂದರೆ ಕೆಲವರಿಗೆ ತಲೆ ನೋಯುತ್ತದೆಯಂತೆ. ನನಗೆ ಸಿಟ್ಟು ಬರುತ್ತದೆ. ಹೋದ ವಾರ ಯಲಬುರ್ಗಾದಲ್ಲಿ ನಾನು ಪಾಠ ಮಾಡುವ ಕಾಲೇಜಿಗೆ ಯಾರೋ ದೊಡ್ಡವರು ಬರುತ್ತಾರೆಂದು ಕಾಂಪೌಂಡ್ ಗೋಡೆಗೆ ಬಣ್ಣ ಹಚ್ಚಿಸುತ್ತಿದ್ದರು. ಗೇಟು ದಾಟುವಾಗಲೇ ವಾಸನೆ ಮೂಗಿಗೆ ಬಡಿಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಿಟಕಿ ಮುಚ್ಚಿರೆಂದು ಗೋಳಾಡಿದರು. ನಾನು ಮಾತ್ರ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಎಂ.ಎ. ಕೊನೆಯ ವರ್ಷ ಪೂರ್ತಿ ಆ ವಾಸನೆಯಲ್ಲೇ ಕಳೆದಿದೆ. ನಾನು ಈವರೆಗೂ ಕಣ್ಣಲ್ಲಿ ಕಾಣದ ವೇಲ್ಸ್ ಎಂಬ ನಾಡಿನ ಬಗ್ಗೆ ಬರೆದದ್ದೂ ಆ ವಾಸನೆಯಲ್ಲೇ.

ನಮ್ಮ ಅಬ್ಬಾ ಖಾದರಸಾಬರು ಗಂಗಾವತಿಯಲ್ಲಿ ಬೋರ್ಡು ಬರೆಯುವ ಪೇಂಟರ್. ಕನಕಗಿರಿ ಕಡೆಯ ಬೀಜ-ಗೊಬ್ಬರದ ಅಂಗಡಿಗಳಿಂದ ಹಿಡಿದು ಹನುಮಸಾಗರದ ಹಿಟ್ಟಿನ ಗಿರಣಿಯವರೆಗೆ ಅವರ ಅಕ್ಷರಗಳಿವೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಆದರೆ ನಿಂತಿಲ್ಲ. ನಮ್ಮ ಕಡೆಯ ಬಿಸಿಲಿಗೆ ಫ್ಲೆಕ್ಸು ಎರಡು ಬೇಸಿಗೆಯಲ್ಲಿ ಬಿಳುಚಿಕೊಳ್ಳುತ್ತದೆಂದು ಗೊತ್ತಿದ್ದವರು ಈಗಲೂ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಮನೆಯಲ್ಲಿ ನಾವು ಆಡುವುದು ದಖನಿ, ಅಂದರೆ ನಮ್ಮ ಕಡೆಯ ಉರ್ದು. ಬ್ರಷ್ ಕೈಗೆ ಬಂತೆಂದರೆ ಅಬ್ಬಾ ತಾವಾಗಿಯೇ ಕನ್ನಡಕ್ಕೆ ತಿರುಗುತ್ತಾರೆ. ಅಳತೆ, ಅಂಚು, ಮೊದಲ ಕೋಟು, ಒಣಗುವುದು, ಎಲ್ಲವೂ ಕನ್ನಡದಲ್ಲಿ. ಅದು ಅವರ ಕೆಲಸದ ಭಾಷೆ. ನಾನು ಸಾಲಿಗೆ ಹೋಗುವ ಮೊದಲೇ ಅವರ ಶೆಡ್ಡಿನ ತಗಡುಗಳ ಮೇಲೆ ಅಕ್ಷರ ಗುರುತಿಸಲು ಕಲಿತಿದ್ದೆ.

ಕೊಪ್ಪಳದಲ್ಲಿ ನಾನು ಇತಿಹಾಸ ಓದಿದ ಸ್ನಾತಕೋತ್ತರ ಕೇಂದ್ರದ ಹೆಸರು ಬೇಡ. ಅಲ್ಲಿ ಈಗಲೂ ಒಳ್ಳೆಯವರು ಕೆಲಸ ಮಾಡುತ್ತಿದ್ದಾರೆ. ಕೊನೆಯ ವರ್ಷ ಎಲ್ಲರೂ ಒಂದೊಂದು ಪ್ರಬಂಧ ಬರೆಯಬೇಕಿತ್ತು. ಗೆಳತಿಯರು ಇಟಲಿ, ಜರ್ಮನಿ ಎಂದು ಹಂಚಿಕೊಂಡರು. ನಾನು ಯೂರೋಪಿನ ಇತಿಹಾಸದ ದಪ್ಪ ಪುಸ್ತಕವೊಂದರಲ್ಲಿ ಎರಡನೆಯ ಮಹಾಯುದ್ಧ ಮುಗಿದ ನಂತರದ ಬ್ರಿಟನ್ನಿನ ಅಧ್ಯಾಯ ತಿರುವುತ್ತಿದ್ದಾಗ ಕೆಳಗಿನ ಸಣ್ಣ ಟಿಪ್ಪಣಿಯೊಂದು ಕಣ್ಣಿಗೆ ಬಿತ್ತು. ಐವತ್ತರ ದಶಕದಲ್ಲಿ ವೇಲ್ಸಿನ ಗಂಡ ಹೆಂಡತಿ ಇಬ್ಬರು ಮನೆ ತೆರಿಗೆಯ ನೋಟೀಸು ತಮ್ಮ ವೆಲ್ಷ್ ಭಾಷೆಯಲ್ಲಿ ಬಂದರಷ್ಟೇ ಕಟ್ಟುತ್ತೇವೆ ಎಂದರಂತೆ. ಅಧಿಕಾರಿಗಳು ಮತ್ತೆ ಮತ್ತೆ ಬಂದು ಮನೆಯ ಸಾಮಾನು ಹೊತ್ತೊಯ್ದರಂತೆ. ಅವರು ಜಗ್ಗಲಿಲ್ಲ. ಎಂಟು ವರ್ಷದ ಮೇಲೆ ನೋಟೀಸು ವೆಲ್ಷ್‌ನಲ್ಲಿ ಬಂತು. ಟಿಪ್ಪಣಿ ಅಷ್ಟಕ್ಕೇ ಮುಗಿದಿತ್ತು. ಇಂಥ ಮಂದಿಯನ್ನು ಪುಟದ ಕೆಳಗೆ ತುರುಕಿದ್ದಾರಲ್ಲ ಎಂದು ನನಗೆ ಅಂದೇ ಕೆರಳಿತು. ನನ್ನ ವಿಷಯ ಅಲ್ಲೇ ನಿಶ್ಚಯವಾಯಿತು.

ನನ್ನ ಮಾರ್ಗದರ್ಶಕಿ ಸುವರ್ಣಾ ಮೇಡಂ. ಕುಷ್ಟಗಿ ಕಡೆಯವರು, ಮೆತ್ತನೆಯ ಸ್ವಭಾವ, ಕಚೇರಿಯಿಂದ ಬರುವ ಪ್ರತಿ ಕಾಗದಕ್ಕೂ ಹೆದರುವವರು. ವೇಲ್ಸ್ ಎಂದಾಗ ಸಂತೋಷಪಟ್ಟರು. ಕನ್ನಡದಲ್ಲಿ ಬರೆಯುತ್ತೇನೆ ಎಂದಾಗ ಅವರ ಮುಖ ಸಣ್ಣದಾಯಿತು.

"ಪುಸ್ತಕೆಲ್ಲಾ ಇಂಗ್ಲಿಷಿನಾಗ ಅದಾವ ನೋಡವಾ. ಇಲ್ಲಿತನಾ ಹೊರದೇಶದ ವಿಷಯ ಯಾರೂ ಕನ್ನಡದಾಗ ಬರದಿಲ್ಲ. ಹೊರಗಿಂದ ಬರೋ ಪರೀಕ್ಷಕರು ತಿರುಗಿಸಿ ಒಗದ್ರಂದ್ರ ವರ್ಷ ಹೊಕ್ಕೈತಿ. ಜೂನ್‌ದಾಗ ಅತಿಥಿ ಉಪನ್ಯಾಸಕರ ಅರ್ಜಿ ಕರೀತಾರ, ಅದೂ ಹೋಗ್ತೈತಿ."

"ನಿಯಮದ ಪುಸ್ತಕದಾಗ ಕನ್ನಡ ಅಥವಾ ಇಂಗ್ಲಿಷ್ ಅಂತ ಐತ್ರಿ ಮೇಡಂ."

"ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ನಿನಗ್ಯಾಕ ಈ ಹಠ ಶಾಹೀನಾ? ನಿಮ್ಮ ಮನಿ ಮಾತು ಕನ್ನಡ ಸೈತ ಅಲ್ಲಲ್ಲ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದು ನನಗೆ ಗೊತ್ತು. ಆದರೂ ಗಂಗಾವತಿ ಬಸ್ಸಿನಲ್ಲಿ ಕೂತು ಬರುವಾಗ ಉದ್ದಕ್ಕೂ ಕೆನ್ನೆ ಬಿಸಿಯಾಗಿತ್ತು. ಹುಟ್ಟಿದಾಗಿನಿಂದ ಕನ್ನಡದ ಅಕ್ಷರಗಳ ನಡುವೆಯೇ ಬೆಳೆದವಳಿಗೆ ಅದು ನಿನ್ನದಲ್ಲ ಎಂದು ಯಾರಾದರೂ ಇಷ್ಟು ಸಲೀಸಾಗಿ ಹೇಳಬಹುದೆಂದು ನಾನು ತಿಳಿದಿರಲಿಲ್ಲ. ಅವತ್ತು ಆಗಸ್ಟಿನ ಮಳೆ ಹಿಡಿದಿತ್ತು. ಕಾಲುವೆ ಪಕ್ಕದ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ಬಸ್ಸಿನಿಂದ ಇಳಿಯುವ ಹೊತ್ತಿಗೆ ನನಗೆ ಹೆದರಿಕೆ ಹೋಗಿ ಹಠ ಒಂದೇ ಉಳಿದಿತ್ತು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಒಂದೊಂದು ಪುಟಕ್ಕೂ ಅರ್ಧ ದಿನ ಹಿಡಿಯುತ್ತಿತ್ತು. ಮನೆಯಲ್ಲಿ ಜಾಗವಿಲ್ಲದ್ದರಿಂದ ಅಬ್ಬಾನ ಶೆಡ್ಡಿನಲ್ಲೇ ಬಣ್ಣದ ಡಬ್ಬಿಗಳ ಪಕ್ಕ ಕೂತು ಓದುತ್ತಿದ್ದೆ, ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅಬ್ಬಾಗೆ ವೇಲ್ಸ್ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಇಂಗ್ಲೆಂಡಿನ ಪಕ್ಕ ಎಂದರೆ "ಹಂಗಾರ ಬಗಲಾಗಿನವರ ಕಾಟ" ಎಂದು ಒಂದೇ ಮಾತಿನಲ್ಲಿ ಅರ್ಥ ಮಾಡಿಕೊಂಡರು.

ಪ್ರತಿ ವರ್ಷ ಊರಿಂದೂರಿಗೆ ಹೋಗುವ ಅವರ ದೊಡ್ಡ ಸಾಹಿತ್ಯ ಸಂಗೀತದ ಹಬ್ಬದ ಬಗ್ಗೆ ಓದಿದೆ. ಐಸ್ಟೆದ್‌ವೊದ್ ಎನ್ನುತ್ತಾರೆ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅದರ ವೇದಿಕೆಯ ಮೇಲೆ ವೆಲ್ಷ್ ಬಿಟ್ಟು ಬೇರೆ ಭಾಷೆ ಆಡಕೂಡದೆಂದು ನಿಯಮ ಮಾಡಿದರು. ಗೆದ್ದ ಕವಿಗೆ ಹೊಸದಾಗಿ ಕೆತ್ತಿಸಿದ ಮರದ ಕುರ್ಚಿ ಕೊಡುತ್ತಾರೆ.

"ಕುರ್ಚಿ? ಮನಿಗೆ ಒಯ್ಯೂದಾ?" ಎಂದರು ಅಬ್ಬಾ.

"ಹೂಂ, ಮನಿಗೆ."

"ಛಲೋ ಮಂದಿ. ನಮ್ಮಲ್ಲಿ ಬರದವಗ ಶಾಲು ಹೊಚ್ಚಿ ಕಳಸ್ತಾರ, ಕುರ್ಚಿ ಮಾತ್ರ ತಾವ ಇಟ್ಕೋತಾರ."

ಇನ್ನೊಂದು ದಿನ ಇಂಗ್ಲೆಂಡಿನ ನಗರವೊಂದಕ್ಕೆ ನೀರು ಬೇಕೆಂದು ವೇಲ್ಸಿನ ಕಣಿವೆಯೊಂದನ್ನು ಊರು, ಸಾಲಿ, ಪ್ರಾರ್ಥನಾ ಮಂದಿರ, ಗೋರಿಗಳ ಸಮೇತ ಮುಳುಗಿಸಿದ್ದನ್ನು ಓದಿದೆ. ತುಂಗಭದ್ರೆಯ ಹಿನ್ನೀರಿನಲ್ಲಿ ಊರುಗಳು ಮುಳುಗಿದ್ದನ್ನು ಬಲ್ಲ ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೋಟೀಸಿನ ಗಂಡ ಹೆಂಡತಿಯ ಪ್ರಸಂಗ ಓದುವಾಗ ಮಾತ್ರ ಅಬ್ಬಾ ನನ್ನನ್ನು ತಡೆದರು. ನಾನು 'ಚರ ಆಸ್ತಿಯನ್ನು ವಶಪಡಿಸಿಕೊಳ್ಳಲಾಯಿತು' ಎಂದು ಬರೆದಿದ್ದೆ.

"ಜಪ್ತಿ ಅನ್ನು. ಇಷ್ಟುದ್ದ ಬರದ್ರ ಓದಿದವರಿಗೆ ಏನೂ ಅನಸೂದಿಲ್ಲ. ಮನಿ ಜಪ್ತಿ ಮಾಡಿದ್ರು ಅನ್ನು, ಹೊಟ್ಟಿ ಉರಿತೈತಿ."

ನಾನು ಹೊಡೆದು ಹಾಕಿ ಜಪ್ತಿ ಎಂದು ಬರೆದೆ. ಆಮೇಲೆ ಅರ್ಜಿ, ತಕರಾರು, ಕಾಯಿದೆ, ದಫ್ತರ ಎಲ್ಲವೂ ಒಂದೊಂದಾಗಿ ಬಂದು ಕೂತವು. ಕನ್ನಡದಲ್ಲಿ ಈ ವಿಷಯಕ್ಕೆ ಪದಗಳೇ ಇಲ್ಲ ಎಂದು ಕೇಂದ್ರದಲ್ಲಿ ಒಬ್ಬರಾದ ಮೇಲೊಬ್ಬರು ಹೇಳುತ್ತಿದ್ದರು. ಪದಗಳೆಲ್ಲ ನಮ್ಮ ಬಜಾರಿನಲ್ಲೇ ಓಡಾಡುತ್ತಿದ್ದವು, ಅವರು ಕರೆದಿರಲಿಲ್ಲ ಅಷ್ಟೇ.

ನಮ್ಮಿಬ್ಬರಿಗೂ ಜಗಳವಾದದ್ದು ಡಿಸೆಂಬರಿನಲ್ಲಿ. ಅರವತ್ತರ ದಶಕದ ಆರಂಭದಲ್ಲಿ ಒಬ್ಬ ಹಿರಿಯ ಸಾಹಿತಿ ರೇಡಿಯೋದಲ್ಲಿ ಮಾತಾಡಿ, ಹೀಗೇ ಸುಮ್ಮನಿದ್ದರೆ ವೆಲ್ಷ್ ಭಾಷೆ ಸಾಯುತ್ತದೆ ಎಂದಿದ್ದರು. ಅದನ್ನು ಕೇಳಿ ಎಚ್ಚೆತ್ತ ಹುಡುಗ ಹುಡುಗಿಯರು ಸಂಘ ಕಟ್ಟಿದರು. ಮುಂದೆ ಕೆಲವೇ ವರ್ಷಗಳಲ್ಲಿ ರಸ್ತೆಯ ಇಂಗ್ಲಿಷ್ ಬೋರ್ಡುಗಳಿಗೆ ಹಸಿರು ಬಣ್ಣ ಬಳಿದು ಜೈಲಿಗೆ ಹೋದರು. ನನಗೆ ಓದುವಾಗಲೇ ಮೈ ಜುಮ್ಮೆಂದಿತ್ತು. ಅಬ್ಬಾ ಬ್ರಷ್ ಕೆಳಗಿಟ್ಟರು.

"ಬೋರ್ಡಿಗೆ ಬಣ್ಣ ಬಳದ್ರಾ? ಅದನ್ನ ಬರದವನ ಗತಿ?"

"ಅದು ಸರಕಾರದ ಬೋರ್ಡು ಅಬ್ಬಾ. ಬರದವನ ಮ್ಯಾಲೆ ಸಿಟ್ಟಲ್ಲ."

"ಸರಕಾರ ಏನ್ ಕುಂತು ಬರೀತೈತಾ? ಯಾವನೋ ಒಬ್ಬಾವ ಬಿಸಲಾಗ ನಿಂತು ಬರದಿರ್ತಾನ. ಎನಾಮಲ್ಲಾ, ಡಿಸ್ಟೆಂಪರಾ? ಎನಾಮಲ್ ಇದ್ರ ತೊಳದ್ರ ಹೋಗೂದಿಲ್ಲ."

ಯಾವ ಬಣ್ಣವೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ನಾನು ಆ ಹುಡುಗರ ಪರ ವಾದಿಸಿದೆ, ಗಂಟಲು ಹರಿಯುವಷ್ಟು. ಆಗ ಅಬ್ಬಾ ತಮ್ಮ ತಂದೆಯ, ನಮ್ಮ ದಾದಾನ ಮಾತು ತೆಗೆದರು. ದಾದಾ ನಿಜಾಮನ ಕಾಲದಲ್ಲಿ ಕಚೇರಿಗಳಿಗೆ ಉರ್ದು ಬೋರ್ಡು ಬರೆಯುತ್ತಿದ್ದವರು. ಆಗ ಇಲ್ಲಿ ಸಾಲಿ, ಕೋರ್ಟು, ಕಚೇರಿ ಎಲ್ಲ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಸಾಲಿಯಲ್ಲಿ ಬಾಯಿ ಕಟ್ಟಿಕೊಂಡು ಕೂರುತ್ತಿದ್ದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಬೋರ್ಡುಗಳೆಲ್ಲ ಒಂದೊಂದಾಗಿ ಕನ್ನಡವಾದವು. ಆ ಕೆಲಸವೂ ದಾದಾನಿಗೇ ಬಂತು.

"ತಾನ ಬರದಿದ್ದ ಅಕ್ಷರದ ಮ್ಯಾಲೆ ತಾನ ಬಣ್ಣ ಹಚ್ಚ್ಯಾನ ನಿಮ್ಮ ದಾದಾ. ಕನ್ನಡ ಬರಬೇಕಿತ್ತು, ಬಂತು, ಛಲೋ ಆತು. ಅವಂಗೂ ಅದು ಗೊತ್ತಿತ್ತು. ಆದ್ರ ಅವತ್ತು ಮನಿಗೆ ಬಂದಾವ ರೊಟ್ಟಿ ಮುಟ್ಟಲಿಲ್ಲಂತ. ಇದನ್ನೂ ಬರೀತಿ ಏನು ನಿನ್ನ ಪುಸ್ತಕದಾಗ?"

ವೇಲ್ಸಿನ ಹುಡುಗರ ಪರವಾಗಿ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ತೆಗೆಯಲಿಲ್ಲ, ಇಂದಿಗೂ ತೆಗೆಯುವುದಿಲ್ಲ. ಆದರೆ ಆ ಅಧ್ಯಾಯಕ್ಕೆ ಒಂದು ಪುಟ ಹೆಚ್ಚು ಸೇರಿಸಿದೆ, ಬೋರ್ಡು ಬರೆದ ಕೈಯ ಬಗ್ಗೆ. ಆ ಪುಟಕ್ಕೆ ಆಧಾರ ಗ್ರಂಥ ಏನೆಂದು ಸುವರ್ಣಾ ಮೇಡಂ ಕೇಳಿದಾಗ 'ನಮ್ಮ ದಾದಾ' ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು "ಇರಲಿ ಬಿಡು" ಎಂದರು. ಮೇಡಂ ನನ್ನ ಕಡೆಗೆ ಒಂದು ಹೆಜ್ಜೆ ಬಂದದ್ದು ಅವತ್ತೇ ಇರಬೇಕು.

ಏಪ್ರಿಲ್ ಹೊತ್ತಿಗೆ ಟೈಪಿಂಗ್ ಮುಗಿಯಿತು. ನಾಲ್ಕು ಪ್ರತಿ. ಕಪ್ಪು ರೆಕ್ಸಿನ್ ಬೈಂಡು, ಮೇಲೆ ಬಂಗಾರದ ಅಕ್ಷರ, ಅದು ವಾಡಿಕೆ. ಬೈಂಡಿಂಗ್ ಅಂಗಡಿಯವನು ಹೆಸರಿನ ಚೀಟಿ ನೋಡಿ ವಾಪಸ್ಸು ಕೊಟ್ಟ. "ಬಂಗಾರದ ಅಚ್ಚು ಇಂಗ್ಲಿಷಿಂದು ಅಷ್ಟ ಐತ್ರಿ ಅಕ್ಕಾರ. ಕನ್ನಡ ಇಲ್ಲಿ ಯಾರ ಹತ್ರಾನೂ ಇಲ್ಲ. ಒಳಗ ಕನ್ನಡ ಇರಲಿ, ಮ್ಯಾಲೆ ಇಂಗ್ಲಿಷ್ ಹೊಡಸ್ರಿ. ಯಾರ್ ನೋಡ್ತಾರ?" ತಮ್ಮ ಭಾಷೆಯಲ್ಲಿ ಒಂದು ನೋಟೀಸಿಗಾಗಿ ಎಂಟು ವರ್ಷ ಕಾದವರ ಕಥೆಗೆ ಇಂಗ್ಲಿಷ್ ಮುಖಪುಟ ಹೊಡೆಸುವುದೇ? ನಾಲ್ಕೂ ಪ್ರತಿ ಬರೀ ಕಪ್ಪಾಗಿಯೇ ಕಟ್ಟಿಸಿಕೊಂಡು ಶೆಡ್ಡಿಗೆ ತಂದೆ.

ಅಬ್ಬಾ ರೆಕ್ಸಿನ್ ಮೇಲೆ ಬೆರಳಾಡಿಸಿದರು, ಬಂಗಾರದ ಬಣ್ಣದ ಸಣ್ಣ ಡಬ್ಬಿ ತೆಗೆದರು. ಅವತ್ತು ಬಿಸಿಲಿಗೆ ಶೆಡ್ಡಿನ ತಗಡು ಚಟಪಟ ಎನ್ನುತ್ತಿತ್ತು. ಬೆವರು ಪುಸ್ತಕದ ಮೇಲೆ ಬೀಳಬಾರದೆಂದು ಹಣೆಗೆ ಟವೆಲ್ ಬಿಗಿದುಕೊಂಡು ಕೂತರು. 'ಯುದ್ಧೋತ್ತರ ವೇಲ್ಸ್: ಭಾಷೆ ಮತ್ತು ಸಾರ್ವಜನಿಕ ಬದುಕು.' ಅದರ ಕೆಳಗೆ ನನ್ನ ಹೆಸರು, ಅದರ ಕೆಳಗೆ ಮೇಡಂ ಹೆಸರು. ಕೇಂದ್ರದ ಕಪಾಟಿನಲ್ಲಿ ನಾನು ಕಂಡ ಯಾವ ಪ್ರಬಂಧಕ್ಕೂ ಅಂಥ ಮುಖಪುಟವಿರಲಿಲ್ಲ. ಹೆಮ್ಮೆಯಿಂದ ನನಗೆ ಕಣ್ಣು ತುಂಬಿ ಬಂತು. ಕಣ್ಣು ಒರೆಸಿಕೊಂಡು ನೋಡಿದರೆ ನಾಲ್ಕೂ ಪ್ರತಿಗಳ ಕೆಳಗಿನ ಬಲ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು: 'ಖಾದರ್ ಪೇಂಟರ್, ಗಂಗಾವತಿ.'

ಎಲ್ಲ ಬೋರ್ಡಿನ ಮೂಲೆಯಲ್ಲೂ ಅಬ್ಬಾ ಹಾಗೆ ಬರೆಯುತ್ತಾರೆ. ಬೋರ್ಡು ಬರೆಯುವವರೆಲ್ಲರ ರೂಢಿ ಅದು. ಕೈ ತಾನಾಗಿಯೇ ಮೂಲೆಗೆ ಹೋಗಿ ಬರೆದು ಬಂದಿತ್ತು. ತಾವು ಮಾಡಿದ್ದು ತಿಳಿದಾಗ ಅಬ್ಬಾ ಅಳುವಂತಾದರು. "ಏನ್ ಮಾಡಿಬಿಟ್ಟೆ ಬೇಟಿ. ತಡಿ, ಒಂದ್ ಕೋಟ್ ಕರೇ ಬಣ್ಣ ಹಚ್ಚಿದ್ರ ಮುಚ್ಚಿ ಹೊಕ್ಕೈತಿ." ನಾನು ನಾಲ್ಕನ್ನೂ ಎತ್ತಿ ಎದೆಗೆ ಒತ್ತಿಕೊಂಡೆ, ಅಕ್ಷರ ಒಣಗುತ್ತ ಬಂದಿದ್ದರೂ ಚೂರು ಬಣ್ಣ ದುಪಟ್ಟಾಕ್ಕೆ ಹತ್ತಿತು. ಕೇಂದ್ರದಲ್ಲಿ ಮೇಡಂ ನೋಡಿದವರೇ ಅಳಿಸಿಬಿಡು ಎಂದರು. ಮುಖಪುಟದಲ್ಲಿ ವಿದ್ಯಾರ್ಥಿ ಮತ್ತು ಮಾರ್ಗದರ್ಶಕರ ಹೆಸರು ಬಿಟ್ಟು ಇನ್ನೊಂದು ಇರುವ ಪದ್ಧತಿಯೇ ಇಲ್ಲ, ಕನ್ನಡದ ಜೊತೆ ಇದೂ ಸೇರಿದರೆ ಪರೀಕ್ಷಕರ ಕೈಗೆ ನಾವೇ ಕೋಲು ಕೊಟ್ಟ ಹಾಗೆ ಎಂದು ಬೇಡಿಕೊಂಡರು. ನಾನು ಹಾಗೆಯೇ ಸಲ್ಲಿಸಿದೆ.

ಮೌಖಿಕ ಪರೀಕ್ಷೆ ಮೇ ತಿಂಗಳಲ್ಲಿ. ಅಬ್ಬಾ ಬೇಡವೆಂದರೂ ನನ್ನೊಡನೆ ಕೊಪ್ಪಳಕ್ಕೆ ಬಂದರು. ಕೈಚೀಲದಲ್ಲಿ ಕಪ್ಪು ಎನಾಮಲ್ಲಿನ ಡಬ್ಬಿ, ಸಣ್ಣ ಬ್ರಷ್. "ಅವರು ತಕರಾರು ತಗದ್ರ ನನ್ನ ಕರಿ. ಒಂದ್ ನಿಮಿಷದ ಕೆಲಸ" ಎಂದು ಹೊರಗಿನ ಬೆಂಚಿನ ಮೇಲೆ ಕೂತರು.

ಪರೀಕ್ಷಕರು ದೂರದ ಊರಿನವರು, ವಯಸ್ಸಾದವರು. ಪ್ರಬಂಧದ ಹಾಳೆಗಳನ್ನು ಸರಸರ ತಿರುವಿ 'ಜಪ್ತಿ' ಎಂಬಲ್ಲಿ ನಿಂತರು.

"ಇದೇನಮ್ಮ ಭಾಷೆ? ಸಂಶೋಧನೆ ಅಂದ್ರೆ ಬೀದಿ ಮಾತಲ್ಲ. ಅದಿರಲಿ, ಮನೇಲಿ ಏನು ಮಾತಾಡ್ತೀರಿ?"

"ದಖನಿ ರೀ ಸರ್."

"ಮತ್ತೆ ಕನ್ನಡದ ಮೇಲೆ ಯಾಕೆ ಇಷ್ಟು ಹಠ?"

"ವೇಲ್ಸಿನ ದಕ್ಷಿಣದ ಕಲ್ಲಿದ್ದಲ ಗಣಿ ಊರಾಗ ಮನ್ಯಾಗ ಇಂಗ್ಲಿಷ್ ಆಡೋ ಮಂದಿನೂ ಮಕ್ಕಳನ್ನ ವೆಲ್ಷ್ ಸಾಲಿಗೆ ಕಳಿಸ್ಯಾರ್ರಿ. ಅವರಿಗೆ ಅದು ತಮ್ಮ ನೆಲದ ಭಾಷಾ ಅನಿಸಿತ್ತು. ನನಗೂ ಇದು ಹಂಗ. ನಾಲ್ಕನೇ ಅಧ್ಯಾಯದಾಗ ಐತ್ರಿ ಸರ್, ನೀವು ಓದಿಲ್ಲ ಕಾಣಸ್ತೈತಿ."

ಸುವರ್ಣಾ ಮೇಡಂ ನೆಲ ನೋಡಿದರು. ಪರೀಕ್ಷಕರ ಮುಖ ಕೆಂಪಾಯಿತು. ಪ್ರಬಂಧವನ್ನು ಪಟ್ಟನೆ ಮುಚ್ಚಿದರು. ಆಗ ಬಲ ಮೂಲೆ ಕಣ್ಣಿಗೆ ಬಿತ್ತು.

"ಥೀಸಿಸ್ ಮೇಲೆ ಪೇಂಟರ್ ಅಡ್ವರ್ಟೈಸ್‌ಮೆಂಟು! ಇದನ್ನ ಅಳಿಸ್ಕೊಂಡು ಬನ್ನಿ. ಆಮೇಲೆ ಸಹಿ."

ನಾನು ಬಾಗಿಲು ತೆರೆದು ಅಬ್ಬಾನನ್ನು ಕರೆದೆ. ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೈಮುಗಿದರು. "ತಪ್ಪಾಗೇತ್ರಿ ಸಾಹೇಬ್ರ. ಕೈ ರೂಢಿ. ಈಗ ಅಳಸ್ತೀನ್ರಿ" ಎಂದು ಡಬ್ಬಿಯ ಮುಚ್ಚಳ ಎಬ್ಬಿಸಿದರು. ಟರ್ಪಂಟೈನ್ ವಾಸನೆ ಆ ಕೋಣೆ ತುಂಬಿತು. ಅವರು ಬಾಗಿ ಪ್ರತಿಯನ್ನು ಹತ್ತಿರ ಎಳೆದುಕೊಂಡ ರೀತಿ ನೋಡಿ ನನಗೆ ತಡೆಯಲಾಗಲಿಲ್ಲ. ಬ್ರಷ್ ಕಸಿದುಕೊಂಡೆ. ಡಬ್ಬಿಯಲ್ಲಿ ಅದ್ದಿ, ಹಿಡಿಕೆಯನ್ನು ಪರೀಕ್ಷಕರ ಕಡೆ ಚಾಚಿದೆ.

"ನಮ್ಮ ದಾದಾ ತಾವು ಬರದದ್ದನ್ನ ತಾವ ಅಳಿಸ್ಯಾರ್ರಿ ಸರ್. ನಮ್ಮ ಅಬ್ಬಾ ಅಳಸೂದಿಲ್ಲ. ನಿಮಗ ಬ್ಯಾಡ ಅನಿಸಿದ್ರ ನೀವು ಅಳಸ್ರಿ."

ಬ್ರಷ್ಷಿನಿಂದ ಒಂದು ಹನಿ ಮೇಜಿನ ಹಾಸಿನ ಮೇಲೆ ಬಿತ್ತು, ಇನ್ನೊಂದು ಬಿತ್ತು. ಪರೀಕ್ಷಕರು ನನ್ನನ್ನೂ ನೋಡಲಿಲ್ಲ, ಅಬ್ಬಾನನ್ನೂ ನೋಡಲಿಲ್ಲ, ಬ್ರಷ್ಷನ್ನೇ ನೋಡುತ್ತಿದ್ದರು. ಆಗ ಸುವರ್ಣಾ ಮೇಡಂ ಬಾಯಿ ಬಿಟ್ಟರು. "ಸರ್, ನಿಯಮದ ಪುಸ್ತಕದಲ್ಲಿ ಮುಖಪುಟದ ಮೂಲೆಯ ಬಗ್ಗೆ ಏನೂ ಇಲ್ಲ. ನಾನು ನಿನ್ನೆ ಪೂರ್ತಿ ಓದಿದ್ದೇನೆ." ಪರೀಕ್ಷಕರು ಪೆನ್ನು ತೆಗೆದು ಸಹಿ ಹಾಕಿ ಎದ್ದು ಹೋದರು.

ಹೊರಗೆ ಬಂದ ಮೇಲೆ ಅಬ್ಬಾ ಬಸ್‌ಸ್ಟ್ಯಾಂಡಿನವರೆಗೂ ನನ್ನನ್ನು ಬೈದರು. ಪರೀಕ್ಷಕರ ಎದುರು ನಿಂತದ್ದಕ್ಕಲ್ಲ. "ಬ್ರಷ್ ಅದ್ದಿದ ಮ್ಯಾಲೆ ಡಬ್ಬಿ ಅಂಚಿಗೆ ಒರಸಬೇಕು. ಇಷ್ಟು ವರ್ಷ ನೋಡಿ ಅಷ್ಟೂ ಕಲೀಲಿಲ್ಲೇನು? ಅವರ ಮೇಜೆಲ್ಲ ಹಾಳು ಮಾಡಿದಿ." ಬೈಯುತ್ತಾ ಬೈಯುತ್ತಾ ನನ್ನ ಕೈ ಹಿಡಿದುಕೊಂಡಿದ್ದರು, ಬಿಡಲೇ ಇಲ್ಲ.

ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ನನಗೇ ಬಂತು. ಆ ಜೂನಿನ ಕೆಲಸ ಬೇರೆಯವರಿಗೆ ಹೋಯಿತು. ಒಂದು ವರ್ಷ ಖಾಸಗಿ ಸಾಲಿಯೊಂದರಲ್ಲಿ ದುಡಿದು, ಮರುವರ್ಷ ಅರ್ಜಿ ಹಾಕಿ ಈ ಯಲಬುರ್ಗಾ ಕಾಲೇಜಿಗೆ ಬಂದೆ. ಮಾಡಿದ್ದಕ್ಕೆ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಸುವರ್ಣಾ ಮೇಡಂ ಈಗ ತಮ್ಮ ವಿದ್ಯಾರ್ಥಿಗಳಿಗೆ ಯಾವ ಭಾಷೆಯಲ್ಲಿ ಬರೆಯುತ್ತೀರೆಂದು ಮೊದಲ ದಿನವೇ ಕೇಳುತ್ತಾರಂತೆ.

ಕೇಂದ್ರದ ಗ್ರಂಥಾಲಯದಲ್ಲಿರುವ ಪ್ರತಿಯನ್ನು ನಾನು ಆಗಾಗ ಹೋಗಿ ನೋಡುತ್ತೇನೆ. ಪುಸ್ತಕಕ್ಕೆ ನಂಬರಿನ ಬಿಳಿ ಚೀಟಿ ಅಂಟಿಸುತ್ತಾರಲ್ಲ, ಅದನ್ನು ಸರಿಯಾಗಿ ಬಲ ಮೂಲೆಗೆ, ಅಬ್ಬಾನ ಹೆಸರಿನ ಮೇಲೆ ಅಂಟಿಸಿದ್ದರು. ನಾನು ಉಗುರಿನಿಂದ ಮೆಲ್ಲಗೆ ಕಿತ್ತು ಎಡ ಮೂಲೆಗೆ ಅಂಟಿಸಿ ಬಂದೆ. ಮುಂದಿನ ಸಲ ಹೋದರೆ ಹೊಸ ಚೀಟಿ, ಮತ್ತೆ ಅದೇ ಬಲ ಮೂಲೆಯಲ್ಲಿ. ಅದನ್ನೂ ಕಿತ್ತೆ. ಮೊನ್ನೆ ಮೂರನೆಯದನ್ನು ಕೀಳುವಾಗ ಗ್ರಂಥಪಾಲಕ ವೀರಣ್ಣ ಹಿಂದೆಯೇ ಬಂದು ನಿಂತಿದ್ದರು.

"ಚೀಟಿ ಬಲಕ್ಕ ಇರಬೇಕಂತ ರೂಲ್ ಐತ್ರಿ ಮೇಡಂ. ನಾ ಮತ್ತ ಹಚ್ಚಬೇಕಾಕ್ಕೈತಿ."

"ಹಚ್ಚ್ರಿ ವೀರಣ್ಣಾರ" ಎಂದೆ. "ನಾನೂ ಮತ್ತ ಬರ್ತೀನಿ."